ಫಾಂಟ್ ಪೆಟ್ಟಿಗೆಗೊಂದು ಟೀಕು

ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಫಾಂಟ್ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅಕ್ಕಪಕ್ಕದ ಪ್ಯಾರಾಗ್ರಾಫ್, ಪೇಜ್ ಸೆಟಪ್, ಸಿಂಬಲ್ ಪೆಟ್ಟಿಗೆಗಳನ್ನೂ ಸೇರಿಸಿಕೊಂಡರೆ ಟೀಕು ಬರೆಯುವಷ್ಟು ಸಾಲು ಸಿಗುತ್ತವೆ. ಕನ್ನಡ ಟೈಪ್ ಮಾಡುವವರಲ್ಲೂ ಹೆಚ್ಚಿನವರು ಮೆನುವನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಮೂಲವನ್ನು ಇದ್ದಂತೆಯೇ ನಮ್ಮ ಲಿಪಿಗೆ ಇಳಿಸಿದ್ದೇನೆ. ಈ ಸಾಲುಗಳ ಪದಗಳು ಬಂದದ್ದು ಮುಖ್ಯವಾಗಿ ಎರಡು ಕಡೆಯಿಂದ: ಸೀಸದ ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟ ಒಂದು, ಟೈಪ್‌ರೈಟರ್ ಕುಟ್ಟುತ್ತಿದ್ದ ಕಚೇರಿ ಇನ್ನೊಂದು. ಅಚ್ಚುಕೂಟದವರು ಅಳೆದದ್ದು ಲೋಹವನ್ನು, ಕಾಗದದ ಮೇಲಿನ ಶಾಯಿಯನ್ನಲ್ಲ. ಟೈಪ್‌ರೈಟರಿನವರು ಲೆಕ್ಕ ಹಾಕಿದ್ದು ಉರುಳೆ ಎಷ್ಟು ಹಲ್ಲು ತಿರುಗಿತು ಎಂಬುದನ್ನು. ಎರಡೂ ಮೂಲೆ ಸೇರಿದ ಮೇಲೆ ಅವುಗಳ ಪದಗಳು ಒಂದೇ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಕೂತಿವೆ.

“ಫಾಂಟ್: ಟೈಮ್ಸ್ ನ್ಯೂ ರೋಮನ್. ಸೈಜ್: 12”

ಮೊದಲ ಸಾಲಿನಲ್ಲೇ ತೊಡಕು. ಸೀಸದ ಕಾಲದಲ್ಲಿ ಫಾಂಟ್ ಎಂದರೆ ಒಂದು ವಿನ್ಯಾಸದ, ಒಂದು ತೂಕದ, ಒಂದೇ ಅಳತೆಯ ಮೊಳೆಗಳ ಪೂರ್ತಿ ಸೆಟ್. ಟೈಮ್ಸ್ 12 ಒಂದು ಫಾಂಟ್, ಟೈಮ್ಸ್ 10 ಇನ್ನೊಂದು, 12ರ ಇಟಾಲಿಕ್ ಮತ್ತೊಂದು. ಮೂರಕ್ಕೂ ಮೊಳೆ ಇಡುವ ಬೇರೆ ಬೇರೆ ಕೇಸು. ಇಡೀ ಕುಟುಂಬಕ್ಕೆ ಟೈಪ್‌ಫೇಸ್ ಎಂಬ ಹೆಸರಿತ್ತು. ಅಂದರೆ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗಾಗಿ ಸ್ಟ್ಯಾನ್ಲಿ ಮಾರಿಸನ್ ಮುಂದೆ ನಿಂತು ಮಾಡಿಸಿ, 1932ರಲ್ಲಿ ಬಳಕೆಗೆ ಬಂದ ಟೈಮ್ಸ್ ನ್ಯೂ ರೋಮನ್ ಆ ಲೆಕ್ಕದಲ್ಲಿ ಫಾಂಟೇ ಅಲ್ಲ. ಈಗ ಒಂದೇ ಕಡತದಿಂದ ಎಲ್ಲ ಅಳತೆಯೂ ಹೊರಡುವುದರಿಂದ ಈ ವ್ಯತ್ಯಾಸ ಯಾರಿಗೂ ಬೇಡವಾಯಿತು. ಹೋಗಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ನಷ್ಟವಿರುವುದು 12ರಲ್ಲಿ. ಹನ್ನೆರಡು ಪಾಯಿಂಟ್ ಎಂದರೆ ಅಕ್ಷರದ ಎತ್ತರ ಎಂದು ನಂಬಿದವರೇ ಹೆಚ್ಚು. ಆದರೆ ಟೈಮ್ಸ್ ನ್ಯೂ ರೋಮನ್ ದೊಡ್ಡಕ್ಷರಗಳನ್ನು 12ರಲ್ಲಿ ಅಚ್ಚು ಹಾಕಿ ಅಳೆದರೆ 8 ಪಾಯಿಂಟ್ ಆಸುಪಾಸು ಇರುತ್ತವೆ. ಆ 12 ಅಕ್ಷರದ್ದಲ್ಲ, ಅಕ್ಷರ ಮೂಡಿದ್ದ ಸೀಸದ ತುಂಡಿನ ಒಡಲಿನದು. ಮೇಲೆ ಕೊಕ್ಕು ಚಾಚುವ ಅಕ್ಷರಕ್ಕೂ ಕೆಳಗೆ ಬಾಲ ಇಳಿಬಿಡುವ ಅಕ್ಷರಕ್ಕೂ ಜಾಗ ಸಿಗಬೇಕೆಂದು ಒಡಲು ದೊಡ್ಡದಿರುತ್ತಿತ್ತು. ಪರದೆಯ ಮೇಲೆ ಸೀಸ ಇಲ್ಲ, ಒಡಲು ಮಾತ್ರ ಕಾಣದ ಚೌಕವಾಗಿ ಉಳಿದಿದೆ. ಆ ಚೌಕದೊಳಗೆ ಅಕ್ಷರವನ್ನು ಎಷ್ಟು ದೊಡ್ಡದು ಬರೆಯಬೇಕೆಂಬುದು ವಿನ್ಯಾಸಕರಿಗೆ ಬಿಟ್ಟದ್ದು.

ಕನ್ನಡಕ್ಕೆ ಬಂದರೆ ಇದು ಬರೀ ಕುತೂಹಲದ ಸಂಗತಿಯಾಗಿ ಉಳಿಯುವುದಿಲ್ಲ. ‘ರಾಷ್ಟ್ರ’ ಎಂದು ಟೈಪ್ ಮಾಡಿ ನೋಡಿ. ಷಕಾರ, ಅದರಡಿ ಟಕಾರದ ಒತ್ತು, ಅದಕ್ಕೆ ಅಂಟಿಕೊಂಡು ರಕಾರದ ಒತ್ತು. ‘ಸ್ತ್ರೀ’ ಆದರೆ ಮೇಲೆ ಗುಡಿಸೂ ಉಂಟು, ಬಲಕ್ಕೆ ದೀರ್ಘವೂ ಉಂಟು. ಇದೆಲ್ಲ ಚೌಕದೊಳಗೇ ಹಿಡಿಸಬೇಕೆಂದರೆ ಮೂಲ ಅಕ್ಷರ ಕುಗ್ಗಬೇಕು. ಮೂಲ ಅಕ್ಷರ ದೊಡ್ಡದಿರಲಿ ಎಂದರೆ ಒತ್ತುಗಳು ಚೌಕ ದಾಟಿ ಕೆಳಗಿನ ಸಾಲಿನ ಜಾಗಕ್ಕೆ ಇಳಿಯಬೇಕು. ಒಬ್ಬ ವಿನ್ಯಾಸಕ ಒಂದು ದಾರಿ ಹಿಡಿದರೆ ಇನ್ನೊಬ್ಬ ಇನ್ನೊಂದು ಹಿಡಿಯುತ್ತಾನೆ. ಅದಕ್ಕೇ ತುಂಗಾ, ನಿರ್ಮಲಾ, ನೋಟೊ ಎಂಬ ಮೂರು ಫಾಂಟುಗಳಲ್ಲೂ 12 ಇಟ್ಟು ಒಂದೇ ವಾಕ್ಯ ಟೈಪ್ ಮಾಡಿದರೆ ಮೂರು ಗಾತ್ರ ಕಾಣುತ್ತದೆ. ಪ್ರಬಂಧ ಸ್ಪರ್ಧೆಯ ಪ್ರಕಟಣೆಗಳಲ್ಲಿ ‘12 ಪಾಯಿಂಟ್ ಅಕ್ಷರ, ಹತ್ತು ಪುಟ ಮೀರಬಾರದು’ ಎಂದು ಬರೆಯುತ್ತಾರಲ್ಲ, ಫಾಂಟಿನ ಹೆಸರಿಲ್ಲದಿದ್ದರೆ ಆ ನಿಯಮಕ್ಕೆ ಅರ್ಥವಿಲ್ಲ. ಪುಟ ಬಿಟ್ಟು ಪದದ ಲೆಕ್ಕ ಕೇಳುವುದೇ ನ್ಯಾಯ.

ಲಿಬ್ರೆಆಫೀಸ್ ಬಳಸುವವರಿಗೆ ಇನ್ನೂ ಒಂದು ಎಡವುಗಲ್ಲಿದೆ. ಅಲ್ಲಿ ಕನ್ನಡ, ಹಿಂದಿ, ಅರಬ್ಬಿಗಳೆಲ್ಲ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂಬ ತಲೆಬರಹದಡಿ ಬರುತ್ತವೆ. ಅವುಗಳ ಫಾಂಟೂ ಅಳತೆಯೂ ಬೇರೆಯೇ ದಾಖಲಾಗುತ್ತವೆ. ಸ್ಟೈಲ್ ತಿದ್ದುವಾಗ ವೆಸ್ಟರ್ನ್ ಎಂಬಲ್ಲಿ ಮಾತ್ರ 14 ಹಾಕಿ ಕೂತರೆ ಕನ್ನಡ ಜಗ್ಗುವುದಿಲ್ಲ.

ಪಾಯಿಂಟೂ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಅಮೆರಿಕದ ಮೊಳೆ ಎರಕದವರು 1886ರಲ್ಲಿ ಒಪ್ಪಿಕೊಂಡ ಪಾಯಿಂಟು ಒಂದು ಇಂಚಿಗೆ 72.27ರಷ್ಟು ಬರುತ್ತಿತ್ತು, ಫ್ರಾನ್ಸಿನ ಡಿಡೋ ಪಾಯಿಂಟು ಅದಕ್ಕಿಂತ ತುಸು ದಪ್ಪ. ಎಂಬತ್ತರ ದಶಕದಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಂದಾಗ ಆ .27ರ ಬಾಲವನ್ನು ಕತ್ತರಿಸಿ ಇಂಚಿಗೆ ನೇರವಾಗಿ 72 ಎಂದಿತು. ವರ್ಡ್, ಪೇಜ್‌ಮೇಕರ್ ಎಲ್ಲ ಅದರ ಹಿಂದೆ ನಡೆದವು. ಡೊನಾಲ್ಡ್ ಕ್ನೂತ್ ಮಾತ್ರ ತಮ್ಮ ಟೆಕ್ ತಂತ್ರಾಂಶದಲ್ಲಿ 72.27ನ್ನೇ ಉಳಿಸಿಕೊಂಡು, ಹೊಸದನ್ನು ‘ದೊಡ್ಡ ಪಾಯಿಂಟ್’ ಎಂದು ಬೇರೆ ಕರೆದರು. ಹಟವೆಂದರೆ ಇದು!

“ಫಾಂಟ್ ಸ್ಟೈಲ್: ರೆಗ್ಯುಲರ್, ಇಟಾಲಿಕ್, ಬೋಲ್ಡ್”

ಇಟಾಲಿಕ್ ಓರೆ ಮಾಡಿದ ರೋಮನ್ ಅಲ್ಲ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನುಷಿಯಸ್‌ನ ಅಚ್ಚುಕೂಟದಿಂದ ಹೊರಬಂದ ಪುಸ್ತಕಗಳಿಗಾಗಿ ಫ್ರಾನ್ಚೆಸ್ಕೊ ಗ್ರಿಫೊ ಕೈಬರಹದ ಮಾದರಿಯಲ್ಲಿ ಕೊರೆದ ಬೇರೆಯೇ ಅಕ್ಷರ ಅದು. ಕನ್ನಡ ಲಿಪಿಗೆ ಅಂಥ ಜೋಡಿ ಇಲ್ಲ. ಇಟಾಲಿಕ್ ಗುಂಡಿ ಒತ್ತಿದರೆ ತಂತ್ರಾಂಶ ಇದ್ದ ಅಕ್ಷರವನ್ನೇ ಬಲಕ್ಕೆ ತಳ್ಳಿ ಓರೆ ಮಾಡುತ್ತದೆ. ನಮ್ಮ ದುಂಡು ಅಕ್ಷರಗಳು ಸೊಟ್ಟಗಾಗುತ್ತವೆಯೇ ವಿನಾ ಬೇರೆ ಕಳೆ ಬರುವುದಿಲ್ಲ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ, ಒತ್ತು ಬೇಕಾದಲ್ಲಿ ದಪ್ಪಕ್ಷರ: ಕನ್ನಡದ ಹಳೆಯ ಅಭ್ಯಾಸವೇ ವಾಸಿ.

“ಸ್ಮಾಲ್ ಕ್ಯಾಪ್ಸ್. ಆಲ್ ಕ್ಯಾಪ್ಸ್”

ಕನ್ನಡಕ್ಕೆ ಸಂಬಂಧವಿಲ್ಲ. ಮುಂದೆ.

“ಸ್ಕೇಲ್: 100%. ಸ್ಪೇಸಿಂಗ್: ನಾರ್ಮಲ್, ಎಕ್ಸ್‌ಪ್ಯಾಂಡೆಡ್, ಕಂಡೆನ್ಸ್ಡ್”

ಅಚ್ಚುಕೂಟದವನಿಗೆ ‘ಕಂಡೆನ್ಸ್ಡ್ ಹಾಕು’ ಎಂದರೆ ಅವನು ಬೇರೆ ಕೇಸಿಗೆ ಕೈ ಹಾಕುತ್ತಿದ್ದ. ಅಗಲ ಕಿರಿದಾಗಿಸಿ ಹೊಸದಾಗಿಯೇ ಬರೆದ ವಿನ್ಯಾಸ ಅದು. ಪತ್ರಿಕೆಯ ತಲೆಬರಹಗಳಿಗೆ ಬೇಕಾಗುತ್ತಿತ್ತು. ವರ್ಡ್‌ನ ಕಂಡೆನ್ಸ್ಡ್ ಅಕ್ಷರವನ್ನು ಮುಟ್ಟುವುದೇ ಇಲ್ಲ; ಅಕ್ಷರ ಅಕ್ಷರದ ನಡುವಿನ ಸಂದನ್ನು ಇಷ್ಟು ಪಾಯಿಂಟ್ ಎಂದು ಕಡಿಮೆ ಮಾಡುತ್ತದೆ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಇದೇ ಕೆಲಸದ ಹೆಸರು ಟ್ರ್ಯಾಕಿಂಗ್. ಅಕ್ಷರವನ್ನೇ ಕಿರಿದು ಮಾಡುವುದು ಮೊದಲ ಖಾನೆಯ ಸ್ಕೇಲ್. ಆದರೆ ಅದೂ ಹಳೆಯ ಕಂಡೆನ್ಸ್ಡ್ ಅಲ್ಲ: 80% ಎಂದು ಹಾಕಿದರೆ ನಿಂತ ಗೆರೆಗಳು ತೆಳ್ಳಗಾಗಿ, ಮಲಗಿದ ಗೆರೆಗಳು ಇದ್ದಷ್ಟೇ ದಪ್ಪ ಉಳಿಯುತ್ತವೆ. ಮದುವೆ ಕರೆಯೋಲೆಯಲ್ಲಿ ಉದ್ದದ ಹೆಸರನ್ನು ಒಂದೇ ಸಾಲಿಗೆ ತುರುಕಿದ್ದನ್ನು ನೋಡಿದವರಿಗೆ ಆ ನರಪೇತಲ ಅಕ್ಷರಗಳ ಪರಿಚಯ ಇದ್ದೇ ಇರುತ್ತದೆ.

ಎಕ್ಸ್‌ಪ್ಯಾಂಡೆಡ್ ಕನ್ನಡದಲ್ಲಿ ಇನ್ನೊಂದು ಬಗೆಯ ಅನಾಹುತ ಮಾಡಬಲ್ಲದು. ಯೂನಿಕೋಡ್ ಫಾಂಟಿನಲ್ಲಿ ‘ಕ್ಷೇತ್ರ’ ಎಂಬುದು ಪರದೆಗೆ ಬರುವ ಹೊತ್ತಿಗೆ ಅಕ್ಷರಗುಚ್ಛವಾಗಿ ಕೂಡಿಕೊಂಡಿರುತ್ತದೆ. ಸಂದು ಹೆಚ್ಚಿಸಿದರೆ ಗುಚ್ಛಗಳ ನಡುವೆ ಹೆಚ್ಚುತ್ತದೆ. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಹಾಗಲ್ಲ. ಅಲ್ಲಿ ಒತ್ತು, ಕೊಂಬು, ದೀರ್ಘ ಒಂದೊಂದೂ ಪ್ರತ್ಯೇಕ ಚೂರು. ಒಂದು ಪಾಯಿಂಟ್ ಹಿಗ್ಗಿಸಿದರೆ ಅಕ್ಷರಕ್ಕೂ ಅದರ ಒತ್ತಿಗೂ ನಡುವೆಯೇ ಬಿರುಕು. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಅಂಥ ಫಾಂಟು ಬಳಕೆಯಲ್ಲಿವೆ, ಫಲಕಗಳಲ್ಲಿ ಬಿರುಕೂ ಕಾಣುತ್ತದೆ.

“ಕರ್ನಿಂಗ್ ಫಾರ್ ಫಾಂಟ್ಸ್: —— ಪಾಯಿಂಟ್ಸ್ ಅಂಡ್ ಅಬವ್”

ಪೆಟ್ಟಿಗೆಯಲ್ಲೇ ಅತಿ ಗೂಢವಾದ ಸಾಲು. ಎಷ್ಟು ಪಾಯಿಂಟ್ ಹಾಕಬೇಕು? ಏನಕ್ಕೆ ಹಾಕಬೇಕು?

ಕರ್ನ್ ಎಂದರೆ ಮೊಳೆಯ ಒಡಲಿನಿಂದ ಹೊರಚಾಚಿದ ಅಕ್ಷರದ ಭಾಗ. ಇಂಗ್ಲಿಷಿನ ಎಫ್ ಅಕ್ಷರದ ಕೊಕ್ಕು ಹೀಗೆ ಪಕ್ಕದ ಮೊಳೆಯ ಮೇಲೆ ಬಾಗಿ ಕೂರುತ್ತಿತ್ತು. ಈಗ ಕರ್ನಿಂಗ್ ಎಂದರೆ ಇಂಥದೇ ಎರಡು ಅಕ್ಷರ ಅಕ್ಕಪಕ್ಕ ಬಂದಾಗ ಅವೆರಡರ ನಡುವಿನ ಸಂದನ್ನು ಸರಿಪಡಿಸುವುದು. ಎ ಮತ್ತು ವಿ ದೊಡ್ಡಕ್ಷರಗಳು ಜೊತೆಯಾದರೆ ಎರಡರ ಓರೆಗಳೂ ಒಂದೇ ದಿಕ್ಕಿಗಿರುವುದರಿಂದ ನಡುವೆ ಹಳ್ಳ ಬಿದ್ದಂತೆ ಕಾಣುತ್ತದೆ. ಸೀಸದಲ್ಲಿ ಅದನ್ನು ಮುಚ್ಚಲು ಅರ ಹಿಡಿದು ಮೊಳೆಯ ಒಡಲನ್ನೇ ಉಜ್ಜಬೇಕಿತ್ತು. ದೊಡ್ಡ ತಲೆಬರಹಕ್ಕಲ್ಲದೆ ಅಷ್ಟು ಕಷ್ಟ ಯಾರು ಪಡುತ್ತಾರೆ? ಚಿಕ್ಕ ಅಕ್ಷರದಲ್ಲಿ ಕಣ್ಣಿಗೆ ಕಾಣುವುದೂ ಕಮ್ಮಿ. ‘ಇಷ್ಟು ಪಾಯಿಂಟ್ ಮತ್ತು ಮೇಲ್ಪಟ್ಟು’ ಎಂಬ ಷರತ್ತಿನಲ್ಲಿ ಕಾಣುವುದು ಅದೇ ವಿವೇಕ.

ಈಗ ಯಾವ ಜೋಡಿಗೆ ಎಷ್ಟು ಎಂಬ ಪಟ್ಟಿಯನ್ನು ಫಾಂಟ್ ಮಾಡಿದವರೇ ಕಡತದೊಳಗೆ ಬರೆದಿಟ್ಟಿರುತ್ತಾರೆ. ಈ ಸಾಲಿನ ಮುಂದಿರುವ ಚೌಕಕ್ಕೆ ಗುರುತು ಹಾಕಿದರೆ ತಂತ್ರಾಂಶ ಆ ಪಟ್ಟಿ ನೋಡುತ್ತದೆ, ಇಲ್ಲವಾದರೆ ಇಲ್ಲ. ಬಹುಕಾಲ ವರ್ಡ್‌ನಲ್ಲಿ ಇದು ಖಾಲಿಯೇ ಇರುತ್ತಿತ್ತು, ಹೆಚ್ಚಿನವರಿಗೆ ಪಟ್ಟಿ ಇರುವುದೇ ಗೊತ್ತಾಗಲಿಲ್ಲ. ಗುರುತು ಹಾಕಿ, ಅಂಕಿಯನ್ನು ಎಷ್ಟು ಚಿಕ್ಕದಿಟ್ಟರೂ ತೊಂದರೆಯಿಲ್ಲ.

“ಲಿಗೇಚರ್ಸ್: ನನ್”

ಮೇಲೆ ಹೇಳಿದ ಎಫ್‌ನ ಕೊಕ್ಕು ಪಕ್ಕದ ಐ ಅಕ್ಷರದ ಚುಕ್ಕಿಗೆ ತಾಗಿ ಮುರಿಯುತ್ತಿತ್ತು. ಅದಕ್ಕೆ ಎರಡನ್ನೂ ಸೇರಿಸಿ ಒಂದೇ ಮೊಳೆ ಎರಕ ಹೊಯ್ದರು. ರೋಮನ್ ಲಿಪಿಗೆ ಇದು ಅಲಂಕಾರವೂ ಹೌದು, ಅನುಕೂಲವೂ ಹೌದು, ಆದರೆ ಬಿಟ್ಟರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಈ ಸಾಲಿನಲ್ಲಿ ‘ನನ್’ ಎಂದಿರುವುದನ್ನು ನೋಡಿ ಕನ್ನಡದ ಒತ್ತಕ್ಷರ ಒಡೆದೀತೆಂದು ಹೆದರಬೇಕಿಲ್ಲ. ಒತ್ತು ಕೂಡಿಸುವ ನಿಯಮಗಳು ಕಡ್ಡಾಯದವು, ಈ ಖಾನೆಯ ಹಿಡಿತಕ್ಕೆ ಸಿಗುವುದಿಲ್ಲ. ಒತ್ತಕ್ಷರ ಒಡೆದು ಕಂಡರೆ ತಪ್ಪು ಬೇರೆಲ್ಲೋ ಇದೆ. ಸಾಮಾನ್ಯವಾಗಿ ಹಳೆಯ ತಂತ್ರಾಂಶದ್ದು.

“ಅಲೈನ್‌ಮೆಂಟ್: ಜಸ್ಟಿಫೈಡ್”

ಎರಡೂ ಅಂಚು ಸಮ ಎಂದು ಈಗಿನ ಅರ್ಥ. ಮೊಳೆ ಜೋಡಿಸುವವನಿಗೆ ಎಲ್ಲ ಸಾಲೂ ಜಸ್ಟಿಫೈ ಆಗಲೇಬೇಕಿತ್ತು, ಕವಿತೆಯ ಗಿಡ್ಡ ಸಾಲು ಕೂಡ. ಕೈಯಲ್ಲಿ ಹಿಡಿದ, ಮೊಳೆ ಜೋಡಿಸುವ ಸ್ಟಿಕ್ಕಿನೊಳಗೆ ಸಾಲು ಬಿಗಿಯಾಗಿ ಕೂರದಿದ್ದರೆ ಎತ್ತುವಾಗ ಮೊಳೆಗಳು ಉದುರುತ್ತವೆ. ಹಾಗಾಗಿ ಅಕ್ಷರವಿಲ್ಲದ ಕಡೆ ಖಾಲಿ ತುಂಡುಗಳನ್ನು ಗಿಡಿದು ಬಿಗಿ ಮಾಡುತ್ತಿದ್ದ. ಓದುವವನಿಗೆ ಆ ತುಂಡು ಕಾಣದು, ಬಲ ಅಂಚು ಏರುಪೇರಾಗಿಯೇ ಕಾಣುತ್ತದೆ. ಬಿಗಿ ಮಾಡುವುದು ಒಂದು, ಅಂಚು ಸಮ ಮಾಡುವುದು ಇನ್ನೊಂದು. ತಂತ್ರಾಂಶಕ್ಕೆ ಬೇಕಾದದ್ದು ಎರಡನೆಯದು ಮಾತ್ರ. ಹಲವು ತಂತ್ರಾಂಶಗಳಲ್ಲಿ ಜಸ್ಟಿಫೈ ಮಾಡಿದ ಪ್ಯಾರಾದೊಳಗೆ ಶಿಫ್ಟ್-ಎಂಟರ್ ಹೊಡೆದು ಕವಿತೆ ಮುರಿದರೆ ಮೂರೇ ಪದದ ಸಾಲು ಪುಟದುದ್ದಕ್ಕೂ ಎಳೆದುಕೊಳ್ಳುತ್ತದೆ.

ಕನ್ನಡ ಗದ್ಯಕ್ಕೂ ಇದು ಸುಲಭದ ಆಯ್ಕೆಯಲ್ಲ. ‘ನಿರ್ಧರಿಸಬೇಕಾಗಿರುವುದರಿಂದ’ ಎಂಬಂಥ ಪದ ಸಾಲಿನ ಕೊನೆಗೆ ಬಂದು ಹಿಡಿಸದೆ ಕೆಳಗಿಳಿದರೆ, ಮೇಲಿನ ಸಾಲಿನಲ್ಲಿ ಉಳಿದ ನಾಲ್ಕು ಪದಗಳ ನಡುವೆ ಬೀದಿಯಷ್ಟು ಅಗಲದ ಬಿಡುವು. ಕಾಲಂ ಕಿರಿದಾಗಿದ್ದರೆ ಎಡಕ್ಕೆ ಮಾತ್ರ ಸಮ ಮಾಡಿ ಎಂದೇ ನನ್ನ ಸಲಹೆ. ಎರಡೂ ಕಡೆ ಸಮವಿದ್ದರೇನೇ ಪುಸ್ತಕದ ಗಾಂಭೀರ್ಯ ಎಂಬ ನಂಬಿಕೆ ಗಟ್ಟಿಯಾಗಿರುವುದರಿಂದ ಯಾರೂ ಕೇಳುವುದಿಲ್ಲ, ಅದೂ ಗೊತ್ತು.

“ಲೈನ್ ಸ್ಪೇಸಿಂಗ್: ಸಿಂಗಲ್, 1.5 ಲೈನ್ಸ್, ಡಬಲ್, ಅಟ್ ಲೀಸ್ಟ್, ಎಕ್ಸಾಕ್ಟ್ಲಿ, ಮಲ್ಟಿಪಲ್”

ಅಚ್ಚುಕೂಟವೂ ಟೈಪ್‌ರೈಟರೂ ನೇರವಾಗಿ ಡಿಕ್ಕಿ ಹೊಡೆಯುವುದು ಇಲ್ಲಿ. ಸೀಸದವರು ಸಾಲುಗಳ ನಡುವೆ ತೆಳುವಾದ ಪಟ್ಟಿ ಇಡುತ್ತಿದ್ದರು, ಅದು ಲೆಡ್ಡು. ಇಡುವ ಕೆಲಸ ಲೆಡ್ಡಿಂಗ್. ಇನ್‌ಡಿಸೈನ್‌ನಲ್ಲಿ ಕಾಣುವ ಪದವೂ ಅದೇ, ಲೀಡಿಂಗ್ ಎಂದು ಓದುವವರು ಬಹಳ. 10 ಪಾಯಿಂಟ್ ಒಡಲಿಗೆ 2 ಪಾಯಿಂಟ್ ಲೆಡ್ಡು ಇಟ್ಟರೆ ‘10 ಆನ್ 12’. ಈಗಿನ ತಂತ್ರಾಂಶ ಲೆಡ್ಡಿಂಗ್ 12 ಎಂದು ತೋರಿಸುವುದು ಆ ಎರಡನ್ನಲ್ಲ; ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕಿರುವ ಪೂರ್ತಿ ದೂರವನ್ನು. ಹಳಬರು ಎರಡು ಎಂದರೆ ಹೊಸಬರು ಹನ್ನೆರಡು ಎನ್ನುತ್ತಾರೆ, ಹೇಳುತ್ತಿರುವುದು ಒಂದನ್ನೇ. (ಕಲ್ಲಚ್ಚಿನವರಿಗೆ ಈ ರಗಳೆಯೇ ಇರಲಿಲ್ಲ. 1843ರ ಮಂಗಳೂರ ಸಮಾಚಾರ ಪತ್ರಿಕೆ ಕಲ್ಲಚ್ಚಿನದು. ಅಲ್ಲಿ ಮೊಳೆಯೂ ಇಲ್ಲ, ಲೆಡ್ಡೂ ಇಲ್ಲ, ಬರೆದ ಕೈ ಬಿಟ್ಟಷ್ಟೇ ಅಂತರ.)

ಸಿಂಗಲ್, ಡಬಲ್ ಟೈಪ್‌ರೈಟರಿನ ಮಾತು. ಅಲ್ಲಿ ಇಂಚಿಗೆ ಆರು ಸಾಲು, ಅಂದರೆ ಸಿಂಗಲ್‌ಗೆ 12 ಪಾಯಿಂಟ್, ಡಬಲ್‌ಗೆ 24. ವರ್ಡ್ ಈ ಹೆಸರುಗಳನ್ನು ತೆಗೆದುಕೊಂಡಿತು, ಅಳತೆಯನ್ನು ಬಿಟ್ಟಿತು. ಅದರ ಸಿಂಗಲ್ ಎಷ್ಟೆಂದು ತೀರ್ಮಾನಿಸುವುದು ಫಾಂಟ್ ಕಡತದೊಳಗೆ ಬರೆದಿರುವ ಮೇಲೇರಿಕೆ, ಕೆಳಗಿಳಿತದ ಅಂಕಿಗಳು. ಟೈಮ್ಸ್ ನ್ಯೂ ರೋಮನ್ 12ಕ್ಕೆ ಅದು ಸುಮಾರು 13.8 ಪಾಯಿಂಟ್. ಡಬಲ್ ಎಂದರೆ 27.6. 11 ಇಂಚಿನ ಕಾಗದಕ್ಕೆ ಮೇಲೆ ಕೆಳಗೆ ಒಂದೊಂದು ಇಂಚು ಬಿಟ್ಟರೆ ಟೈಪ್‌ರೈಟರಿನಲ್ಲಿ ಡಬಲ್‌ನ 27 ಸಾಲು ಹಿಡಿಸುತ್ತಿದ್ದವು, ವರ್ಡ್‌ನಲ್ಲಿ 23. ಮಲ್ಟಿಪಲ್ 1.15 ಎಂದು 2007ರ ವರ್ಡ್ ರೂಢಿಗೆ ತಂದ ಅಂತರವೂ 12ರ 1.15 ಪಟ್ಟಲ್ಲ, 13.8ರ ಪಟ್ಟು. ಹೆಚ್ಚುಕಡಿಮೆ 15.9.

ಕನ್ನಡ ಫಾಂಟುಗಳಲ್ಲಿ ಒತ್ತುಗಳಿಗಾಗಿ ಆ ಅಂಕಿಗಳು ದೊಡ್ಡದಿರುವುದು ಸಹಜ. ಹಾಗಾಗಿ ಸಿಂಗಲ್ ಇಟ್ಟರೂ ಸಾಲುಗಳು ದೂರ ದೂರ ನಿಲ್ಲಬಹುದು. ಇನ್ನೂ ಕಿರಿಕಿರಿಯದು ಮಿಶ್ರ ಬರಹ: ಇಂಗ್ಲಿಷ್ ಪ್ಯಾರಾದ ನಾಲ್ಕನೆಯ ಸಾಲಿನಲ್ಲಿ ಒಂದೇ ಒಂದು ಕನ್ನಡ ಪದ ಬಂದರೆ ಆ ಸಾಲು ಮಾತ್ರ ಜಗ್ಗಿ ಕೆಳಗಿಳಿಯುತ್ತದೆ. ಸಿಂಗಲ್, ಮಲ್ಟಿಪಲ್ ಎರಡೂ ಆಯಾ ಸಾಲಿನ ಅತಿ ಎತ್ತರದ ಫಾಂಟನ್ನು ನೋಡಿ ಅಂತರ ಕೊಡುವುದೇ ಇದಕ್ಕೆ ಕಾರಣ. ಅಟ್ ಲೀಸ್ಟ್ ಕೂಡ ಅಂಥ ಸಾಲಿಗೆ ಸೋಲುತ್ತದೆ. ಎಕ್ಸಾಕ್ಟ್ಲಿ ಒಂದೇ ಬಗ್ಗದ್ದು, ಅಚ್ಚುಕೂಟದ ಲೆಡ್ಡಿಗೆ ಹತ್ತಿರದ್ದು. ಆದರೆ ಅಂಕಿ ಕಡಿಮೆ ಕೊಟ್ಟರೆ ಪರದೆಯ ಮೇಲೆ ಅಕ್ಷರದ ಒಂದು ಪಾಲು ಕತ್ತರಿಸಿಹೋಗುತ್ತದೆ, ಇಲ್ಲವೇ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 12ರ ಅಕ್ಷರಕ್ಕೆ ಎಕ್ಸಾಕ್ಟ್ಲಿ 18ರಿಂದ ಶುರುಮಾಡಿ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ನೇರ ಕೆಳಗೆ ‘ಸ್ತ್ರೀ’ ಬರುವಂತೆ ಟೈಪ್ ಮಾಡಿ, ಎರಡೂ ತಾಗದಷ್ಟು ಹತ್ತಿರ ತನ್ನಿ. ಪುಸ್ತಕವಿಡೀ ಅದೇ ಅಂಕಿ.

“ವಿಡೋ/ಆರ್ಫನ್ ಕಂಟ್ರೋಲ್ ✓”

ಪ್ಯಾರಾದ ಕೊನೆಯ ಸಾಲು ಒಂಟಿಯಾಗಿ ಮುಂದಿನ ಪುಟದ ತಲೆಗೆ ಹೋದರೆ ವಿಡೋ. ಮೊದಲ ಸಾಲು ಒಂಟಿಯಾಗಿ ಪುಟದ ಬುಡದಲ್ಲಿ ಉಳಿದರೆ ಆರ್ಫನ್. ಪ್ಯಾರಾದ ಕೊನೆಯಲ್ಲಿ ಒಂದೇ ಪದ ಉಳಿದ ಸಾಲನ್ನೂ ವಿಡೋ ಎನ್ನುವ ವಿನ್ಯಾಸಕರಿದ್ದಾರೆ, ಅದನ್ನೇ ಆರ್ಫನ್ ಎನ್ನುವವರೂ ಇದ್ದಾರೆ. ಹೆಸರುಗಳೂ ಕಟುವಾದವು. ವರ್ಡ್ ಮಾತ್ರ ಪುಟದ ಲೆಕ್ಕವನ್ನಷ್ಟೇ ನೋಡುತ್ತದೆ: ಎರಡೂ ಕಡೆ ಕನಿಷ್ಠ ಎರಡು ಸಾಲು ಇರಬೇಕು. ಆಗ ಮೂರು ಸಾಲಿನ ಪ್ಯಾರಾವನ್ನು ಒಡೆಯಲು ದಾರಿಯೇ ಇಲ್ಲ, ಇಡಿಯಾಗಿ ಮುಂದಿನ ಪುಟಕ್ಕೆ ಹಾರುತ್ತದೆ. ‘ನನ್ನ ಪುಟದ ಕೆಳಗೆ ಎರಡು ಸಾಲು ಖಾಲಿ ಏಕೆ?’ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದು. ಎಡಬಲ ಪುಟಗಳು ಒಂದೇ ಮಟ್ಟಕ್ಕೆ ಮುಗಿಯಬೇಕೆನ್ನುವವರು ಈ ಗುರುತು ತೆಗೆದು, ಅಂತಿಮ ಕರಡಿನಲ್ಲಿ ಕೈಯಾರೆ ಒಂದೊಂದು ಪದ ಹಿಂದುಮುಂದು ಮಾಡುತ್ತಾರೆ.

“ಗಟರ್: 0”

ಒಂದೇ ಹಾಳೆಯಲ್ಲಿ ಹಲವು ಪುಟ ಒಟ್ಟಿಗೆ ಅಚ್ಚಾಗುವಾಗ ಪುಟ ಪುಟದ ನಡುವೆ ಬಿಡುವ ಜಾಗ ಅಚ್ಚುಕೂಟದ ಗಟರ್. ವರ್ಡ್‌ನ ಗಟರ್ ಹೊಲಿಗೆಯ ಕಡೆ ಸೇರಿಸುವ ಹೆಚ್ಚುವರಿ ಅಂಚು: ಒಳ ಅಂಚು ಮುಕ್ಕಾಲು ಇಂಚು, ಗಟರ್ ಕಾಲು ಇಂಚು ಎಂದರೆ ಪುಟದಲ್ಲಿ ಬಿಡುವುದು ಒಂದು ಇಂಚು. ಇನ್‌ಡಿಸೈನ್‌ನ ಗಟರ್ ಎರಡು ಕಾಲಂಗಳ ನಡುವಿನ ಸಂದು. ಲೇಖಕ ಚೀಟಿಯಲ್ಲಿ ‘ಗಟರ್ ಅರ್ಧ ಇಂಚು’ ಎಂದು ಬರೆದುಕೊಟ್ಟರೆ ಡಿಟಿಪಿಯವರು ಕಾಲಂಗಳನ್ನು ದೂರ ಸರಿಸಿ ಕೊಡುವ ಸಂಭವವಿದೆ. ‘ಹೊಲಿಗೆಯ ಕಡೆ ಇಷ್ಟು’ ಎಂದು ಬರೆಯುವುದೇ ಕ್ಷೇಮ.

“ಎಮ್ ಡ್ಯಾಶ್. ಎನ್ ಡ್ಯಾಶ್. ಎಮ್ ಸ್ಪೇಸ್. 1/4 ಎಮ್ ಸ್ಪೇಸ್. ನಾನ್‌ಬ್ರೇಕಿಂಗ್ ಸ್ಪೇಸ್”

ಸಿಂಬಲ್ ಪೆಟ್ಟಿಗೆಯ ಎರಡನೆಯ ಹಾಳೆ. ಎಮ್ ಎಂದರೆ ಎಮ್ ಅಕ್ಷರದಷ್ಟು ಅಗಲ ಎಂದು ಎಲ್ಲರೂ ಹೇಳುತ್ತಾರೆ; ಅಳೆದು ನೋಡಿದರೆ ಬಹುತೇಕ ಫಾಂಟುಗಳಲ್ಲಿ ಆ ಅಕ್ಷರ ಅಷ್ಟಗಲ ಇರುವುದಿಲ್ಲ. ಎಮ್ ಎಂದರೆ ಒಡಲಿನ ಎತ್ತರದಷ್ಟೇ ಅಗಲ: 12ರಲ್ಲಿ 12 ಪಾಯಿಂಟ್, 10ರಲ್ಲಿ 10. ಎನ್ ಅದರ ಅರ್ಧ. ಕೀಲಿಮಣೆಯಲ್ಲಿರುವುದು ಹೈಫನ್ ಒಂದೇ. ಎರಡು ಹೈಫನ್ ಅಂಟಿಸಿ ಹೊಡೆದರೆ ವರ್ಡ್ ಅದನ್ನು ಎಮ್ ಡ್ಯಾಶ್ ಮಾಡುತ್ತದೆ, ಜಾಗ ಬಿಟ್ಟು ಒಂದೇ ಹೊಡೆದರೆ ಎನ್ ಡ್ಯಾಶ್. ಒಂದೇ ಕರಡಿನಲ್ಲಿ ಮೂರು ಉದ್ದದ ಗೆರೆಗಳು ಕಾಣುವುದು ಇದರಿಂದ. ನಾನ್‌ಬ್ರೇಕಿಂಗ್ ಸ್ಪೇಸ್ ಒಳ್ಳೆಯದು, ‘ಪು.’ ಒಂದು ಸಾಲಿನಲ್ಲಿ, ‘45’ ಮುಂದಿನ ಸಾಲಿನಲ್ಲಿ ಆಗದಂತೆ ತಡೆಯುತ್ತದೆ.

“ನೋ-ವಿಡ್ತ್ ಆಪ್ಷನಲ್ ಬ್ರೇಕ್. ನೋ-ವಿಡ್ತ್ ನಾನ್ ಬ್ರೇಕ್”

ಇವೆರಡು ಅಚ್ಚುಕೂಟದವೂ ಅಲ್ಲ, ಟೈಪ್‌ರೈಟರಿನವೂ ಅಲ್ಲ. ಕಂಪ್ಯೂಟರಿನಲ್ಲೇ ಹುಟ್ಟಿದವು, ಆದರೂ ಹೆಸರು ಮಾತ್ರ ಸಾಲು ಮುರಿಯುವ ಕೆಲಸದ್ದು. ಓದಿದವರು ಮೊದಲನೆಯದು ಸಾಲು ಮುರಿಯಲು ಅವಕಾಶ, ಎರಡನೆಯದು ಮುರಿಯದಂತೆ ಕಟ್ಟು ಎಂದುಕೊಳ್ಳುತ್ತಾರೆ. ಒತ್ತಿದರೆ ಬರುವುದು ಯೂನಿಕೋಡಿನ 200ಸಿ ಮತ್ತು 200ಡಿ, ಅಂದರೆ ಅಕ್ಷರ ಕೂಡದಂತೆ ಬಿಡಿಸುವ ಮತ್ತು ಕೂಡುವಂತೆ ಬೆಸೆಯುವ ಅದೃಶ್ಯ ಚಿಹ್ನೆಗಳು. ಇಡೀ ಪೆಟ್ಟಿಗೆಯಲ್ಲಿ ಕನ್ನಡದವರಿಗೆ ಅತಿ ಹೆಚ್ಚು ಬೇಕಾದವೇ ಇವು. ‘ಸಾಫ್ಟ್‌ವೇರ್’ನಲ್ಲಿ ಟಕಾರದ ಕೆಳಗೆ ವಕಾರ ಒತ್ತಾಗಿ ಇಳಿಯದಿರುವುದು ಮೊದಲನೆಯದರಿಂದ. ‘ರ‍್ಯಾಂಕ್’ನಲ್ಲಿ ರಕಾರ ಅರ್ಕಾವೊತ್ತಾಗದೆ ತನ್ನ ಜಾಗದಲ್ಲೇ ನಿಂತು ಯಕಾರ ಅದರಡಿ ಬರುವುದು ಎರಡನೆಯದರಿಂದ; ಅದನ್ನು ರಕಾರಕ್ಕೂ ಹಲಂತಕ್ಕೂ ನಡುವೆ ಇಡಬೇಕು.

ಕಾಣದ ಚಿಹ್ನೆಯಾದ್ದರಿಂದ ತಂಟೆಯೂ ಇದೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಪದದ ಕೊನೆಯ ಅರ್ಧಾಕ್ಷರದ ಬೆನ್ನಿಗೂ 200ಸಿ ಅಂಟಿಕೊಂಡು ಬರುವುದುಂಟು. ಕೊನೆಯಲ್ಲಿ ಚಿಹ್ನೆ ಇರುವ ‘ರಾಜ್‌ಕುಮಾರ್’, ಇಲ್ಲದ ‘ರಾಜ್‌ಕುಮಾರ್’ ಕಣ್ಣಿಗೆ ಒಂದೇ. ತಂತ್ರಾಂಶಕ್ಕೆ ಎರಡು ಪದ. ಪುಸ್ತಕದ ಪದಸೂಚಿಯಲ್ಲಿ ಅದೇ ಹೆಸರು ಎರಡು ಸಲ, ಬೇರೆ ಬೇರೆ ಪುಟಸಂಖ್ಯೆಗಳೊಂದಿಗೆ ಕಾಣಿಸಿಕೊಂಡರೆ ಪದಸೂಚಿ ಮಾಡಿದವರನ್ನು ಬೈಯುವ ಮೊದಲು ಕಡತದಲ್ಲಿ ಹಲಂತದ ಮುಂದೆ 200ಸಿ, ಅದರ ಮುಂದೆ ಖಾಲಿ ಜಾಗ ಇರುವ ಕಡೆಗಳನ್ನೆಲ್ಲ ಹುಡುಕಿಸಿ ಅಳಿಸಿ.